ಯೂಸುಫನ ಶೂ ಯಾವ ಕಡೆ ತಿರುಗಿತ್ತು

...ಅಲ್ಲ ಕಣೋ ಜೋಯಲ್, ಒಂದು ಶೂ ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ ಒದ್ದು ಒಳಗೆ ಬಂದೆಯಲ್ಲ, ಅದಕ್ಕೇ ಹೇಳ್ತಿರೋದು. ಈ ಮನೇಲಿ ಶೂಗೆ ಒಂದು ಚರಿತ್ರೆ ಇದೆ. ನಗಬೇಡ. ನೇಹಾ, ನೀನೂ ಬಾರೇ, ಬಾಲ್ಕನೀಲಿ ಗಾಳಿ ಚೆನ್ನಾಗಿದೆ, ಆ ಫೋನ್ ಕೆಳಗಿಡು. ಏನಂದೆ? "ಲಾಂಗ್ ಸ್ಟೋರಿನಾ ಅಜ್ಜಿ?" ಹೂಂ, ಲಾಂಗೇ. ಚಿಕ್ಕದಾಗಿ ಹೇಳೋಕೆ ನಾನೇನು ಸ್ಟೇಷನ್ ಅನೌನ್ಸ್‌ಮೆಂಟಾ?

ಅದು ವೈಟುಕೆ ಕಾಲ. ಕಂಪ್ಯೂಟರಲ್ಲಿ ವರ್ಷಕ್ಕೆ ಎರಡೇ ಅಂಕಿ ಬರೆದು ಜಾಗ ಉಳಿಸಿದ್ರಂತೆ. ಉಳಿಸಿದ್ದ ಎರಡು ಅಂಕಿ ವಾಪಸ್ ಬರೆಯೋಕೆ ನಿಮ್ಮ ತಾತನಂಥೋರನ್ನ ಬೆಂಗಳೂರಿಂದ ವಿಮಾನ ಹತ್ತಿಸಿ ಕರ್ಕೊಂಡು ಬಂದ್ರು. ಎರಡು ಸಾವಿರದ ಇಸವಿ ಬಂದ್ರೆ ಕಂಪ್ಯೂಟರೆಲ್ಲ ಕೆಟ್ಟು ಪ್ರಪಂಚ ಮುಳುಗತ್ತೆ ಅಂತಿದ್ರು. ಮುಳುಗಲಿಲ್ಲ. ಅದು ತನ್ನಿಂದಲೇ ಅಂತ ನಿಮ್ಮ ತಾತ ಈಗಲೂ ತಿಳ್ಕೊಂಡಿದ್ದಾರೆ, ಇರಲಿ ಬಿಡಿ, ಮಲಗಿದ್ದಾರೆ. ಇದೇ ಫುನಾಬೊರಿ ಬಡಾವಣೆ, ಆದ್ರೆ ಈ ಮನೆ ಅಲ್ಲ, ಆ ಕಡೆ ಕಾಲುವೆ ಹತ್ರ ಒಂದು ರೂಮು. ಹಾಸಿಗೆ ಮಡಿಸಿದ್ರೆ ಹಾಲು, ಬಿಡಿಸಿದ್ರೆ ಬೆಡ್‌ರೂಮು, ಭಾನುವಾರ ಚರ್ಚು. ತೊಗರಿಬೇಳೆ ಸಿಗ್ತಿರಲಿಲ್ಲ. ಊರಿಂದ ಯಾರಾದ್ರೂ ಬಂದ್ರೆ ಮುಖ ನೋಡೋಕೆ ಮುಂಚೆ ಸೂಟ್‌ಕೇಸ್ ನೋಡ್ತಿದ್ವಿ. ಮಾತಾಡೋಕೆ ಜನ ಇಲ್ಲ. ಕೊಂಬಿನಿ ಅಂಗಡಿ ಹುಡುಗಿಗೆ ದಿನಾ ಅರಿಗಾತೋ ಅಂತ ಜಪಾನೀಲಿ ಥ್ಯಾಂಕ್ಸ್ ಹೇಳ್ತಿದ್ದೆ, ಅವಳೂ ಹೇಳ್ತಿದ್ಲು, ಅಷ್ಟೇ ನನ್ನ ಸಮಾಜ. ಆಮೇಲೆ ಕೆಳಗಿನ ಮನೆ ಸಾತೋ-ಸಾನ್ ಪರಿಚಯ ಆದ್ರು, ಶಿಶುವಿಹಾರದ ಟೀಚರಾಗಿ ರಿಟೈರ್ ಆದೋರು. ಅವರೂ ನಮ್ಮ ಹಾಗೆ ಕ್ರೈಸ್ತರು. ಇಡೀ ಬಿಲ್ಡಿಂಗಲ್ಲಿ ಅವರೊಬ್ಬರೇ ಇದ್ರು, ನಾವು ಬಂದು ಜಾಸ್ತಿ ಆದ್ವಿ. ಹೀಗೆ ಶುರುವಾಯ್ತು ನಮ್ಮ ಭಾನುವಾರದ ಪ್ರಾರ್ಥನೆ.

ಒಂದು ಭಾನುವಾರ ನಿಮ್ಮ ತಾತ ಆಫೀಸಿನ ಒಬ್ಬ ಹುಡುಗನನ್ನ ಕರ್ಕೊಂಡು ಬಂದ್ರು. ಹುಡುಗ ಅಂದ್ರೆ ಚಿಕ್ಕೋನಲ್ಲ, ಪ್ರೋಗ್ರಾಮರು, ಮೂವತ್ತರ ಹತ್ರ. ಯೂಸುಫ್ ಅಂತಿಟ್ಕೊಳ್ಳಿ. ನಿಜವಾದ ಹೆಸರು ಹೇಳಲ್ಲ, ದೇಶಾನೂ ಹೇಳಲ್ಲ, ಅವನಿನ್ನೂ ಅಲ್ಲೇ ಇದ್ದಾನೆ. ಮುಸ್ಲಿಂ ದೇಶ, ಮುಸ್ಲಿಂ ಮನೆ, ಕಾಲೇಜಲ್ಲಿ ಓದ್ತಾ ಓದ್ತಾ ಯೇಸುವನ್ನ ನಂಬಿದ್ದ. ಅಲ್ಲಿ ಅದನ್ನ ಬಾಯಿಬಿಟ್ಟು ಹೇಳೋ ಹಾಗಿಲ್ಲ. ಒಬ್ಬ ಸ್ನೇಹಿತ ಕೇಳಿದ ಅಂತ ಸುವಾರ್ತೆ ಪುಸ್ತಕ ಕೊಟ್ಟಿದ್ದಕ್ಕೆ ಪೊಲೀಸರು ಎತ್ಕೊಂಡು ಹೋಗಿ ಅಂಗಾಲಿಗೆ ಹೊಡೆದು ಕಳಿಸಿದ್ರು. ಮನೆಗೆ ಬಂದು ಅಮ್ಮನಿಗೆ, ಸ್ಕೂಟರಿಂದ ಬಿದ್ದೆ ಅಂದನಂತೆ. ಇದೆಲ್ಲ ಆಮೇಲೆ ಹೇಳಿದ. ಮೊದಲ ದಿನ ಬಾಗಿಲಿಗೆ ಹತ್ತಿರ ಕೂತಿದ್ದ. ಹೊರಡೋವಾಗ ನೋಡ್ತಾನೆ, ಎಲ್ಲರ ಶೂನೂ ಬಾಗಿಲ ಕಡೆ ಮುಖ ಮಾಡಿ ಸಾಲಾಗಿ ನಿಂತಿವೆ! ಸಾತೋ-ಸಾನ್ ಕೆಲಸ. ಇಲ್ಲಿ ಅತಿಥಿಗಳ ಶೂ ತಿರುಗಿಸಿಡೋದು ಮರ್ಯಾದೆ, ನಿಮಗೆ ಗೊತ್ತಲ್ಲ, ಗೊತ್ತಿದ್ದೂ ಮಾಡಲ್ಲ. ಯೂಸುಫನ ಕಣ್ಣಲ್ಲಿ ನೀರು. ನನ್ನ ಹತ್ರ ಬಂದು ಪಿಸುಗುಟ್ಟಿದ, "ಆಂಟಿ, ನಮ್ಮೂರಲ್ಲಿ ಗುಟ್ಟಾಗಿ ಪ್ರಾರ್ಥನೆಗೆ ಸೇರಿದಾಗ್ಲೂ ಹೀಗೇ ಇಡ್ತೀವಿ, ಎದ್ದ ತಕ್ಷಣ ಓಡೋಕೆ. ಆದ್ರೆ ಇಷ್ಟು ಅಚ್ಚುಕಟ್ಟಾಗಿ ಎಲ್ಲೂ ನೋಡಿಲ್ಲ. ಇಲ್ಲಿ ಪೊಲೀಸರು ಯಾವ ಹೊತ್ತಿಗೆ ಬರ್ತಾರೆ?" ನಾನು ಸಾತೋ-ಸಾನ್ ಅವರನ್ನ ಕೇಳಿದೆ. ಅವರು ಗಂಭೀರವಾಗಿ ಯೋಚನೆ ಮಾಡಿ, "ಹೋದ ತಿಂಗಳು ಬಂದಿದ್ರು. ನನ್ನ ಸೈಕಲ್ ಸಿಕ್ಕಿತು ಅಂತ ಹೇಳೋಕೆ," ಅಂದ್ರು. ಅವತ್ತು ಅವನು ನಕ್ಕಿದ್ದು ನೋಡಬೇಕಿತ್ತು, ಪಾಪ, ಗೋಡೆ ಹಿಡ್ಕೊಂಡು ನಕ್ಕ.

ಆಮೇಲೆ ಅವನಿಗೆ ಹುಚ್ಚು ಹತ್ತಿತು. ಇಷ್ಟು ಸ್ವಾತಂತ್ರ್ಯ ಇರೋ ದೇಶದಲ್ಲಿ ಸುಮ್ಮನೆ ಇರೋದಾ ಅಂತ ಶನಿವಾರ ಸ್ಟೇಷನ್ ಮುಂದೆ ನಿಂತು ಸುವಾರ್ತೆ ಹಾಳೆ ಹಂಚಿದ. ಜನ ಎಲ್ಲ ಇಸ್ಕೊಂಡ್ರು. ಯಾಕೆ ಹೇಳಿ? ಇಲ್ಲಿ ಜಾಹೀರಾತಿಗೆ ಬಿಟ್ಟಿ ಹಂಚ್ತಾರಲ್ಲ, ಆ ಟಿಶ್ಯೂ ಪ್ಯಾಕೆಟ್ ಅಂದ್ಕೊಂಡು! ಅಲ್ಲ ಅಂತ ಗೊತ್ತಾದ್ಮೇಲೆ ಬಗ್ಗಿ, ಸುಮಿಮಾಸೆನ್ ಅಂತ ಕ್ಷಮೆ ಕೇಳಿ ಎರಡೂ ಕೈಯಲ್ಲಿ ವಾಪಸ್ ಕೊಟ್ರು. ಯೂಸುಫ್ ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತ. "ಆಂಟಿ, ನಮ್ಮೂರಲ್ಲಿ ಹೊಡೀತಾರೆ. ಅಂದ್ರೆ ಕೇಳಿಸ್ಕೊಂಡ್ರು ಅಂತ ಆಯ್ತಲ್ಲ! ಇಲ್ಲಿ ಬಗ್ಗಿ ನಮಸ್ಕಾರ ಮಾಡ್ತಾರೆ!" ನಿಮ್ಮ ತಾತ ಕಾಫಿ ಕುಡೀತಾ, "ಟಿಶ್ಯೂ ಜೊತೆಗಿಟ್ಟು ಕೊಡಪ್ಪ," ಅಂದ್ರು. ಅಷ್ಟೇ ಅವರ ಸಹಾಯ.

ಎಲ್ಲಿದ್ದೆ? ಹಾಂ, ಅವನ ಅಮ್ಮ. ಕಾಂಟ್ರಾಕ್ಟ್ ಮುಗೀತಾ ಬಂತು. ಇಲ್ಲೇ ಇರು, ಬೇರೆ ಕೆಲಸ ಕೊಡಿಸ್ತೀನಿ ಅಂದ್ರು ತಾತ. ಅವನು ಒಪ್ಪಲಿಲ್ಲ. "ನಾನು ಹೇಳಬೇಕಾದ ಜನ ಇರೋದು ಅಲ್ಲಿ. ಮೊದಲು ಅಮ್ಮ. ಅವಳಿಗೇ ಹೇಳೋಕಾಗದೆ ಊರಿಗೇನು ಹೇಳ್ಲಿ?" ಅಷ್ಟರಲ್ಲಿ ಅಮ್ಮನೇ ಬಂದ್ರು, ಮಗನನ್ನ ನೋಡಿ ವಾಪಸ್ ಕರ್ಕೊಂಡು ಹೋಗೋಕೆ. ಗಂಡ ತೀರ್ಕೊಂಡಿದ್ರು, ಇವನೊಬ್ಬನೇ ಮಗ. ಐದು ಹೊತ್ತು ನಮಾಜು ತಪ್ಪಿಸದ ಹೆಂಗಸು. ಅಮ್ಮ ಮಾತು ಬಿಟ್ರೆ ಅವನಿಗೆ ಮನೆ ಅಂತಲೇ ಇರಲ್ಲ. ಪೊಲೀಸರ ಹೊಡೆತಕ್ಕಿಂತ ಅದಕ್ಕೇ ಅವನು ಹೆದರ್ತಿದ್ದಿದ್ದು.

ಭಾನುವಾರ ಇಬ್ಬರೂ ಬಂದ್ರು. ನಾನು ಮಾಂಸದ ತಂಟೆನೇ ಬೇಡ ಅಂತ ಚಿತ್ರಾನ್ನ ಮಾಡಿದ್ದೆ. ಯೂಸುಫ್ ಊಟಕ್ಕೂ ಕಾಯಲಿಲ್ಲ, ಗೋಡೆಗೊರಗಿ ನಿಂತು ಎಲ್ಲಾ ಹೇಳಿಬಿಟ್ಟ. ನಂಬಿದ್ದು, ಪುಸ್ತಕ, ಪೊಲೀಸು, ಸ್ಕೂಟರು. ಅವರ ಭಾಷೆ ನಮಗೆ ಬರಲ್ಲ, ಆದ್ರೂ ಯಾವ ಮಾತು ಎಲ್ಲಿ ಬಂತು ಅಂತ ಗೊತ್ತಾಗ್ತಿತ್ತು. ಅಮ್ಮ ಅಲ್ಲಾಡಲಿಲ್ಲ. ಮುಗಿದ ಮೇಲೆ ನನ್ನ ಕಡೆ ತಿರುಗಿ ಏನೋ ಕೇಳಿದ್ರು. ಯೂಸುಫ್, "ನಮಾಜಿಗೆ ಹೊತ್ತಾಯ್ತು, ಜಾಗ ಇದೆಯಾ ಅಂತಾಳೆ," ಅಂದ. ಇರೋದು ಅದೊಂದೇ ರೂಮು. ನಾವೆಲ್ಲ ಅಡುಗೆಮನೇಲಿ ಹೋಗಿ ನಿಂತ್ವಿ. ಅಡುಗೆಮನೆ ಅಂದ್ರೆ ಒಬ್ಬರು ನಿಲ್ಲೋ ಜಾಗ, ನಾಲ್ಕು ಜನ ನಿಂತ್ವಿ, ತಾತನ ಮೊಣಕೈ ಚಿತ್ರಾನ್ನದ ಪಾತ್ರೇಲಿ. ನಮ್ಮ ಚರ್ಚು ಸ್ವಲ್ಪ ಹೊತ್ತು ಮಸೀದಿ ಆಯ್ತು.

ಆಕೆ ಎದ್ದು ಬಂದ್ರು. ನಮ್ಮನ್ನ ದಾಟಿ ನೇರ ಬಾಗಿಲ ಹತ್ರ ಹೋದ್ರು. ಮುಗೀತು, ಹೊರಟೇಬಿಟ್ರು ಅಂದ್ಕೊಂಡೆ. ಯೂಸುಫ್ ಮುಖ ಸುಣ್ಣ ಆಗಿತ್ತು. ಆಕೆ ಬಗ್ಗಿದ್ರು. ತನ್ನ ಚಪ್ಪಲಿ ಮುಟ್ಟಲಿಲ್ಲ. ಸಾಲಲ್ಲಿದ್ದ ಮಗನ ಶೂ ಹುಡುಕಿ ಎತ್ತಿ, ತಿರುಗಿಸಿ, ಒಳಮುಖ ಮಾಡಿ ಇಟ್ರು. ಆಮೇಲೆ ಶುರುವಾಯ್ತು ನೋಡಿ ಬೈಗುಳ! ನಾನು, "ಏನಂತಾರಪ್ಪ?" ಅಂದೆ. "ನಾನು ಕತ್ತೆ ಅಂತೆ, ಆಂಟಿ." ಮತ್ತೆ ಏನೋ ಅಂದ್ರು. "ನಮ್ಮಪ್ಪನೂ ಕತ್ತೆ ಅಂತೆ." ಮತ್ತೇನೋ. ಈ ಸಲ ಅವನು ಅಮ್ಮನ ಮುಖ ನೋಡ್ತಾನೇ ಹೇಳಿದ. "'ಸ್ಕೂಟರಿಂದ ಬಿದ್ದೋನ ಅಂಗಾಲು ಊದತ್ತಾ? ನಾನೇ ಬಿಸಿನೀರಲ್ಲಿ ಒತ್ತಿದ್ದು, ನನಗೆ ಗೊತ್ತಾಗಲ್ವಾ? ನೀನು ನಂಬಿದ್ದು ತಪ್ಪು. ನೀನು ವಾಪಸ್ ಬರಲಿ ಅಂತ ಸಾಯೋವರೆಗೂ ದುವಾ ಕೇಳ್ತೀನಿ. ಆದ್ರೆ ನನ್ನ ಹತ್ರ ಮಾತಾಡೋವಾಗ ಓಡೋಕೆ ಶೂ ತಯಾರಿಟ್ಕೊಂಡಿದ್ದೀಯಲ್ಲ, ನಾನೇನು ಪೊಲೀಸಾ?'" ಸಾತೋ-ಸಾನ್ ಪಾಪ, ಶೂ ತಿರುಗಿಸಿದ್ದು ತಾನು ಅಂತ ಬಗ್ಗಿ ಬಗ್ಗಿ ಸುಮಿಮಾಸೆನ್ ಅಂತಿದ್ರು. ಕೇಳೋರು ಯಾರು? ಅಮ್ಮ ಮಗ ಕುತ್ತಿಗೆಗೆ ಬಿದ್ದು ಅಳ್ತಿದ್ರು. ನಾನೂ ಅತ್ತೆ. ತಾತ ಮೊಣಕೈ ತೊಳೀತಿದ್ರು. ಆಮೇಲೆ ಆಕೆ ಚಿತ್ರಾನ್ನ ಎರಡು ಸಲ ಬಡಿಸ್ಕೊಂಡು ಉಪ್ಪು ಕಮ್ಮಿ ಅಂದ್ರು. ನಿಜ, ಕಮ್ಮೀನೇ ಇತ್ತು.

ಇಬ್ಬರೂ ಒಟ್ಟಿಗೇ ಊರಿಗೆ ಹೋದ್ರು. ಅಲ್ಲಿ ಅವನು ಮುಚ್ಚಿಡಲಿಲ್ಲ, ಕೇಳಿದೋರಿಗೆಲ್ಲ ಹೇಳಿದ. ಕೆಲಸ ಹೋಯ್ತು. ಜೈಲೂ ಆಯ್ತು. ಈಗ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಕೊಂಡಿದ್ದಾನೆ. ಬೈಯೋ ನೆರೆಯೋರೇ ರಿಪೇರಿಗೆ ತರ್ತಾರಂತೆ, ಅಲ್ಲೇ ಕೂತು ವಾದ ಮಾಡ್ತಾರಂತೆ, ಹೋಗ್ತಾ ಒಬ್ಬಿಬ್ಬರು ಮೆತ್ತಗೆ ಪುಸ್ತಕ ಕೇಳ್ತಾರಂತೆ. ಪ್ರತಿ ಕ್ರಿಸ್‌ಮಸ್‌ಗೆ ಫೋನ್ ಮಾಡ್ತಾನೆ. ಹಿಂದೆ ಅಮ್ಮ ಕೂಗ್ತಿರ್ತಾರೆ, ಉಪ್ಪು ಸರಿಯಾಗಿ ಹಾಕೋದು ಕಲಿತಳಾ ಅಂತ. ಒಂದ್ಸಲ ಪೊಲೀಸರು ಮತ್ತೆ ಬಂದಾಗ ಆಕೆನೇ ಬಾಗಿಲು ತೆಗೆದು, "ನೋಡಿ, ಅವನ ಶೂ ಒಳಮುಖ ಇದೆ, ಎಲ್ಲೂ ಓಡಲ್ಲ. ಕೂತು ಟೀ ಕುಡೀರಿ, ಹಲ್ಲುಜ್ಜಿ ಬರ್ತಾನೆ," ಅಂದ್ರಂತೆ!

ಅದಕ್ಕೇ ಮಕ್ಕಳೇ, ಮನಸ್ಸಲ್ಲಿರೋದನ್ನ ಹೇಳೋದಿದ್ರೆ ಕೂತು ಹೇಳಿ, ಒಂದು ಕಾಲು ಬಾಗಿಲಾಚೆ ಇಟ್ಕೊಂಡು ಹೇಳಬೇಡಿ. ಏಳೋ ಜೋಯಲ್, ಹೋಗಿ ಶೂ ನೆಟ್ಟಗಿಡು. ಏನು, "ವಿಚ್ ವೇ ಅಜ್ಜಿ?" ಊಟ ಆಗೋವರೆಗೂ ಒಳಗೆ ಕಣೋ.