ಮಾದಪ್ಪನ ಮುಂದೆ ಕಂಸಾಳೆ

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜಿ, ಮೊಮ್ಮಗಳು ಮಾದಪ್ಪನ ಬೆಟ್ಟದ ಬಸ್ಸಿಗೆ ಕಾಯುತ್ತಿದ್ದರು. ಕೇಳಬಾರದೆಂದುಕೊಂಡರೂ ಮಾತು ಕಿವಿಗೆ ಬಿತ್ತು.

"ಚೀಲದಲ್ಲಿ ಏನಮ್ಮೀ ಸದ್ದು?"

"ಕಂಸಾಳೆ ಕಣಜ್ಜಿ. ಯೂನಿವರ್ಸಿಟಿ ತಂಡದಲ್ಲಿ ಕಲ್ತಿವ್ನಿ. ಇವತ್ತು ಮಾದಪ್ಪನ ಮುಂದೆ ಬೀಸ್ತೀನಿ."

"ನಿನ್ ತಾತ ಗುರು ಕೈಲಿ ದೀಕ್ಷೆ ತಕಂಡು ಕಂಸಾಳೆ ಇಡ್ದಿದ್ದು. ಎಣ್ಣೈಕ್ಳು ಇಡಿಯಂಗಿಲ್ಲ."

"ನಂಗೂ ಗುರು ಒಬ್ರು ಅವ್ರೆ. ಅಂಗೈ ಊದ್ಕಂಡ್ರೂ ಬುಡ್ಲಿಲ್ಲ ನಾನು."

"ಜನ ನಗ್ತಾರೆ ಕಣಮ್ಮಿ."

"ನಗ್ಲಿ. ತಾಳ ತಪ್ಪಿದ್ರೆ ನೀನೂ ನಗು."

ಬಸ್ಸು ಬಂತು. ಅಜ್ಜಿಯನ್ನು ಹತ್ತಿಸಲೆಂದು ಹುಡುಗಿ ಚೀಲವನ್ನು ನೆಲಕ್ಕಿಟ್ಟಳು.

"ಅಯ್ಯೋ, ದೇವ್ರ ಸಾಮಾನ ನೆಲಕ್ ಮಡಗ್ತಾರಾ? ಕೊಡಿಲ್ಲಿ."

"ಕಿತ್ಕತೀಯಾ ಅಜ್ಜಿ?"

"ಗುಡಿ ತಾವ ಕೊಡ್ತೀನಿ. ಅಲ್ಲೀಗಂಟ ನನ್ ಮಡ್ಲಲ್ಲಿರ್ಲಿ."

ಚೀಲವನ್ನು ಎದೆಗವಚಿಕೊಂಡು ಅಜ್ಜಿಯೇ ಮೊದಲು ಬಸ್ಸು ಹತ್ತಿದರು.