ಅರಮನೆ ದಾಟಿದ ಕಾರು

ತಿಪಟೂರು ಬಸ್ ನಿಲ್ದಾಣದಲ್ಲಿ ತುರುವೇಕೆರೆ ಬಸ್ಸಿಗೆ ಕಾಯುತ್ತಿದ್ದ ಸಿದ್ದಮ್ಮನ ಪಕ್ಕದಲ್ಲೇ ಅಕ್ಕತಂಗಿಯರಿಬ್ಬರು ಕೂತಿದ್ದರು. ಬೇಡವೆಂದರೂ ಅವರ ಮಾತು ಕಿವಿಗೆ ಬೀಳುತ್ತಿತ್ತು.

“ಮನೆಮಂದಿಯೆಲ್ಲ ಅಂಬಾಸಿಡರ್ ಕಾರು ಮಾಡ್ಕಂಡು ಮೈಸೂರಿಗೆ ಹೋಗಿದ್ರಲ್ಲ, ಅರಮನೆ ಹೆಂಗಿತ್ತೇ ಚಂದ್ರಿ?” ಎಂದಳು ಅಕ್ಕ.

“ದೂರದಿಂದ ಗೋಪುರ ಕಾಣ್ತು. ಕಾರು ನಿಲ್ಲುಸ್ಲಿಲ್ಲ.”

“ಯಾಕೆ?”

“ಗುರುತಿನೋರ ಮನೇಲಿ ಕಾಫಿ ಕುಡ್ದು ಆಮೇಲೆ ನೋಡಾನ ಅಂದ ಅಣ್ಣ. ಒಳಗೆ ಹೋದ್ರೆ ಚಾಪೆ ಹಾಸಿ, ಹೂವು ಹಣ್ಣು ಇಟ್ಟವ್ರೆ. ಗಂಡು ಹೆಂಡ್ತಿ ಸತ್ತೋನಂತೆ, ಎರಡು ಮಕ್ಳು. ಚಿಕ್ಕದು ಓಡಿಬಂದು ನನ್ನ ಸೆರಗು ಹಿಡ್ಕಂಡು ಅಮ್ಮಾ ಅಂತು. ಮೊದ್ಲೇ ಹೇಳ್ಕೊಟ್ಟಿದ್ರು.”

“ಅಪ್ಪ ಏನಂದ್ರು?”

“ಅಲ್ಲೇ ತಾಂಬೂಲ ಬದಲಾಯ್ಸುದ್ರು. ಅವ್ವ ನನ್ನ ಮೊಕ ನೋಡ್ಲಿಲ್ಲ. ಹೊತ್ತಾಯ್ತು ಅಂತ ಹಂಗೇ ಊರಿಗೆ ಕಾರು ತಿರುಗ್ಸುದ್ರು.”

ಸಿದ್ದಮ್ಮ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

ಅಕ್ಕ ನೆಲ ನೋಡುತ್ತ, “ಮನುಷ್ಯ ಒಳ್ಳೇನು ಕಣೇ, ಬುಡು. ಬ್ಯಾಂಕಲ್ಲಿ ಕೆಲ್ಸ” ಎಂದಳು.

ಚಂದ್ರಿ ತಟ್ಟನೆ ತಿರುಗಿದಳು. “ಬ್ಯಾಂಕು ಅಂತ ನಾನು ಹೇಳ್ಲೇ ಇಲ್ವಲ್ಲಕ್ಕ?”

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಮೆಲ್ಲಗೆ, “ಹೇಳಿದ್ರೆ ನೀನು ಕಾರು ಹತ್ತುತಿದ್ಯೇನೇ?” ಎಂದಳು.

ಅಷ್ಟರಲ್ಲಿ ಹುಳಿಯಾರು ಬಸ್ಸು ಬಂತು. ಅಕ್ಕ ಮೊದಲು ಹತ್ತಿ, ಕಿಟಕಿಯ ಪಕ್ಕ ತಂಗಿಗೊಂದು ಜಾಗ ಹಿಡಿದು ಕರೆದಳು. ಚಂದ್ರಿ ಅವಳನ್ನು ದಾಟಿಕೊಂಡು ಹೋಗಿ, ಹಿಂದಿನ ಸಾಲಿನಲ್ಲಿ ಕೊಬ್ಬರಿ ಚೀಲ ತಬ್ಬಿ ಕೂತಿದ್ದ ಯಾರೋ ಮುದುಕಿಯ ಪಕ್ಕ ಕೂತಳು. ಬಸ್ಸು ಹೊರಟಾಗಲೂ ಅಕ್ಕನ ಕೈ ಆ ಖಾಲಿ ಸೀಟಿನ ಮೇಲೇ ಇದ್ದದ್ದು ಸಿದ್ದಮ್ಮನಿಗೆ ಕಂಡಿತು.