ಬೇರೆಯವನ ಹೆಸರಿಗೆ ಓಗೊಟ್ಟವನು

ಬಾಗಿಲು ಮುಂದೆ ಮಾಡಿ ಕುಳಿತರೆ ಹೇಳಬಹುದು. ಇದು ನಮ್ಮ ನೆರೆಮನೆಯ ಮೊಹಿದ್ದೀನನಿಗೆ ಆದದ್ದು. ಸಾವಿರದ ಒಂಬೈನೂರ ಎಂಬತ್ತೈದನೆಯ ಇಸವಿ. ಬಕ್ರೀದ್ ಕಳೆದ ಎರಡನೆಯ ರಾತ್ರಿ.

ಸೌದಿ ಎಂದರೆ ಬರೀ ಮರಳು ಎಂದುಕೊಂಡವರಿಗೆ ಅಸೀರ್ ಪ್ರಾಂತ್ಯ ಗೊತ್ತಿಲ್ಲ. ಅಲ್ಲಿ ಬೆಟ್ಟದ ನೆತ್ತಿಯಲ್ಲಿ ಒಂದು ದೊಡ್ಡ ಉದ್ಯಾನ. ಜುನಿಪರ್ ಮರಗಳು, ಬಬೂನ್ ಕೋತಿಗಳು, ಆಗಸ್ಟಿನಲ್ಲೂ ಮಂಜು. ರಜೆಯಲ್ಲಿ ಜನ ಡೇರೆ ಹಾಕಿಕೊಂಡು ಇರುತ್ತಾರೆ. ಜೆದ್ದಾದ ಸೆಕೆಯಿಂದ ತಪ್ಪಿಸಿಕೊಂಡು ಅಲ್ಲಿ ಕೆಲಸದಲ್ಲಿದ್ದ ಮೊಹಿದ್ದೀನ್ ಮತ್ತು ಅವನ ಜೊತೆಯ ಮೂವರು ಹಾಗೆಯೇ ಹೋಗಿದ್ದರು.

ರಾತ್ರಿ ಹತ್ತೂವರೆ. ನಲ್ಲಿಯಿಂದ ನೀರಿನ ಕ್ಯಾನು ತುಂಬಿಸಿಕೊಂಡು ಮೊಹಿದ್ದೀನ್ ಡೇರೆಯ ಕಡೆ ನಡೆಯುತ್ತಿದ್ದ. ಜೊತೆಯಲ್ಲಿ ಕಂಪೆನಿಯ ಅಡಿಗೆಯವನಾದ ಮುದುಕ ಪೊಡಿಯಬ್ಬ. ಬೆಳದಿಂಗಳಿತ್ತು; ಆದರೆ ಮಂಜಿನಲ್ಲಿ ಬೆಳಕು ಎಲ್ಲಿಂದ ಬರುತ್ತಿದೆ ಎಂದು ಹೇಳುವಂತಿರಲಿಲ್ಲ. ದಾರಿಯ ಎಡಕ್ಕೆ ಕಲ್ಲುಕಟ್ಟೆಯ ಹಳೆಯ ಬಾವಿ. ಬಾಯಿಗೆ ತಗಡು ಮುಚ್ಚಿ, ಮೇಲೆ ಕಲ್ಲು ಹೇರಿದ್ದರು.

ಠಣ್...

ಕಾದ ತಗಡು ತಣಿಯುವಾಗ ಹಾಗೆ ಸದ್ದಾಗುತ್ತದೆ ಎಂದು ಮೊಹಿದ್ದೀನ್ ವಿವರಿಸಿದ.

"ಇವತ್ತು ಬಿಸಿಲೆಲ್ಲಿತ್ತು ಮಾರಾಯ?" ಎಂದ ಪೊಡಿಯಬ್ಬ.

ಹತ್ತು ಹೆಜ್ಜೆ ಆದ ಮೇಲೆ ಮುದುಕ ಪಿಸುದನಿಯಲ್ಲಿ ಒಂದು ಮಾತು ಹೇಳಿದ. ರಾತ್ರಿ ಯಾರಾದರೂ ಹೆಸರು ಹಿಡಿದು ಕರೆದರೆ ಓಗೊಡಬಾರದು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ. ಅದು... ಒಂದೇ ಸಲ. ಊರಿನಲ್ಲಿ ಮಕ್ಕಳಿಗೆ ಹೇಳುವ ಮಾತು. ಮೊಹಿದ್ದೀನನೂ ಕೇಳಿ ಬೆಳೆದವನೇ. ಆದರೆ ಅವನು ಬಿ.ಕಾಂ.; ನಕ್ಕುಬಿಟ್ಟ.

ಡೇರೆಗಳು ಎರಡು. ಒಂದರಲ್ಲಿ ಇವರಿಬ್ಬರು. ಹನ್ನೆರಡು ಹೆಜ್ಜೆಯಾಚೆ, ಇನ್ನೊಂದರಲ್ಲಿ ಹಸನ್ ಕುಂಞಿ ಮತ್ತು ಅವನ ಹೆಂಡತಿ ಆಮಿನತ್. ಆ ಹನ್ನೆರಡು ಹೆಜ್ಜೆಗಳನ್ನು ಮೊಹಿದ್ದೀನ್ ಎಣಿಸಿದ್ದ.

ವಿಷಯ ಇಷ್ಟು. ಹಸನ್ ಕುಂಞಿ ಓದಿದ್ದು ಎಂಟನೆಯ ತರಗತಿ. ಆದರೆ ಅವನ ಇಕಾಮಾದಲ್ಲಿ, ಅಂದರೆ ಅಲ್ಲಿ ಬದುಕಲು ಕೊಡುವ ಪರವಾನಗಿಯಲ್ಲಿ, ಉದ್ಯೋಗದ ಜಾಗದಲ್ಲಿ 'ಫೋರ್‌ಮನ್' ಎಂದಿತ್ತು. ಮೊಹಿದ್ದೀನ್ ಆಫೀಸಿನಲ್ಲಿ ಕುಳಿತು ಕಂಪೆನಿಯ ಪತ್ರಗಳನ್ನೆಲ್ಲ ಟೈಪ್ ಮಾಡುತ್ತಿದ್ದ. ಅವನ ಇಕಾಮಾದಲ್ಲಿದ್ದದ್ದು 'ಕೂಲಿ'. ಅವನಿಗೆ ಸಿಕ್ಕ ವೀಸಾ ಅದು. ಫೋರ್‌ಮನ್‌ಗೆ ಹೆಂಡತಿಯನ್ನು ಕರೆಸಿಕೊಳ್ಳುವ ಹಕ್ಕುಂಟು. ಕೂಲಿಗೆ ಇಲ್ಲ. ಇಬ್ಬರ ಮದುವೆಯೂ ಒಂದೇ ತಿಂಗಳಲ್ಲಿ ಆದದ್ದು. ಮೂರು ವರ್ಷದಲ್ಲಿ ಮೊಹಿದ್ದೀನ್ ತನ್ನ ಸಫಿಯತ್‌ಳ ಜೊತೆ ಇದ್ದದ್ದು ನಲವತ್ತೆರಡು ದಿನ. ಆಮಿನತ್‌ಳನ್ನು ಕರೆಸಲು ಹಸನ್ ಕುಂಞಿ ಕೊಟ್ಟ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದು, ಟೈಪ್ ಮಾಡಿ, ತಪ್ಪು ತಿದ್ದಿ ಕೊಟ್ಟವನು ಮೊಹಿದ್ದೀನನೇ. ಅದೇ ವಾರ ತನ್ನ ಇಕಾಮಾದ ಉದ್ಯೋಗ ಬದಲಿಸಬೇಕೆಂದು ಅವನು ಕಫೀಲನಿಗೆ, ಅಂದರೆ ವೀಸಾ ಕೊಟ್ಟ ಅರಬಿ ಧಣಿಗೆ, ಕೊಟ್ಟ ಅರ್ಜಿ ಕಪಾಟಿನಲ್ಲೇ ಉಳಿಯಿತು.

ಹಸನ್ ಕುಂಞಿ ಕೆಟ್ಟವನಾಗಿದ್ದರೆ ಸುಲಭವಿತ್ತು. ಅವನು ಒಳ್ಳೆಯವನು. ಉಪಕಾರ ಮರೆಯದವನು. ಈ ಪ್ರವಾಸಕ್ಕೆ ಒತ್ತಾಯ ಮಾಡಿ ಕರೆತಂದವನೂ ಅವನೇ. ಸಂಜೆ ಒಲೆಯ ಮುಂದೆ, ಆಮಿನತ್ ಅಕ್ಕಿಹಿಟ್ಟಿನಲ್ಲಿ ತಟ್ಟಿ ಮಾಡಿದ ಪತ್ತಿರಿಯನ್ನು ಬಡಿಸುತ್ತ, "ತಿನ್ನಿ ಬಿ.ಕಾಂ. ಸಾಹೇಬರೇ, ನಿಮ್ಮ ಇಂಗ್ಲಿಷಿನಿಂದಲ್ವಾ ಇವಳು ಇಲ್ಲಿಗೆ ಬಂದದ್ದು" ಎಂದು ನಗಿಸಿದ್ದ. ಪೊಡಿಯಬ್ಬ ನಕ್ಕಿದ್ದ. ಮೊಹಿದ್ದೀನ್ ಆ ಪತ್ತಿರಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಿದ್ದ.

ಹನ್ನೆರಡಾಯಿತು. ಒಂದಾಯಿತು.

ಪಕ್ಕದಲ್ಲಿ ಪೊಡಿಯಬ್ಬನ ಗೊರಕೆ. ಆಚೆಯ ಡೇರೆಯಲ್ಲಿ ತಗ್ಗಿದ ಮಾತು... ಒಂದು ಸಣ್ಣ ನಗು... ಗಾಜಿನ ಬಳೆಯ ಕಿಣ್ ಎಂಬ ಸದ್ದು. ಆಮೇಲೆ ಅದೂ ನಿಂತಿತು. ಮೊಹಿದ್ದೀನ್ ಕಣ್ಣು ತೆರೆದೇ ಮಲಗಿದ್ದ. ಕೇಳಬಾರದು ಎಂದುಕೊಂಡವನು ಕಿವಿಗೊಟ್ಟು ಕೇಳುತ್ತಿದ್ದ.

ಆಗ ಬಾವಿಯ ಕಡೆಯಿಂದ ತಗಡಿನ ಸದ್ದು. ಠಣ್ ಅಲ್ಲ. ಕಲ್ಲಿನ ಮೇಲೆ ಕಬ್ಬಿಣವನ್ನು ಎಳೆದ ಹಾಗೆ... ಕರ್‍ರ್‍ರ್...

ಆಮೇಲೆ ಹೆಣ್ಣುದನಿ.

"ಹಸನ್ ಕುಂಞೀ..."

ಒಂದೇ ಸಲ. ಅವಸರವಿಲ್ಲದ ದನಿ. ಬಹಳ ದಿನ ಕಾದು, ಇನ್ನು ಕಾಯಬೇಕಾಗಿಲ್ಲ ಎಂದು ತಿಳಿದವಳ ದನಿ.

ಆಮಿನತ್ ಹೊರಗೆ ಹೋಗಿದ್ದಾಳೆ, ಕತ್ತಲಿಗೆ ಹೆದರಿ ಗಂಡನನ್ನು ಕರೆಯುತ್ತಿದ್ದಾಳೆ ಎಂದುಕೊಂಡ ಮೊಹಿದ್ದೀನ್. ಹಸನ್ ಕುಂಞಿ ಏಳಲಿಲ್ಲ. ಅವನು ಹಾಗೆ ಮಲಗಬಲ್ಲ. ಕರೆಯುವವರು ಇರುವವನಿಗೆ ಓಗೊಡುವ ಅವಸರವಿಲ್ಲ. ಮೊಹಿದ್ದೀನನಿಗೆ ಮುದುಕನ ಎಚ್ಚರಿಕೆ ನೆನಪಿಗೆ ಬಂತು. ಬಂದದ್ದು ನಿಜ, ಅವನು ಅದನ್ನು ಆಮೇಲೆ ಅಲ್ಲಗಳೆಯಲಿಲ್ಲ. ಆದರೂ ಅವನಿಗೆ ಅನ್ನಿಸಿದ್ದು ಒಂದೇ. ಫೋರ್‌ಮನ್ ಎಂಬ ಅಕ್ಷರ ಹಸನ್ ಕುಂಞಿಗೆ. ಮನೆ ಅವನಿಗೆ. ಈ ದನಿಯೂ ಅವನಿಗೇ. ಒಂದು ಸಲ... ಒಂದೇ ಒಂದು ಸಲ ಅದು ತನ್ನ ಕಡೆ ತಿರುಗಲಿ.

ಅವನು ಹಸನ್ ಕುಂಞಿಯ ಹಾಗೆ ದನಿಯನ್ನು ದಪ್ಪ ಮಾಡಿಕೊಂಡು ಹೇಳಿದ.

"ಓ..."

ಗೊರಕೆ ನಿಂತಿತು. ಗಾಳಿ ನಿಂತಿತು. ಡೇರೆಯ ಹೊರಗೆ, ಬಟ್ಟೆಯ ಮೇಲೆ ಅಂಗೈ ಸವರಿದ ಸದ್ದು... ಸರ್‍ರ್... ಬಾಗಿಲು ಹುಡುಕುವವರ ಹಾಗೆ ಡೇರೆಯನ್ನು ಒಂದು ಸುತ್ತು ಬಂತು. ಜಿಪ್ಪು ಒಂದೊಂದೇ ಹಲ್ಲಾಗಿ ಮೇಲೇರಿತು. ಟಿಕ್... ಟಿಕ್... ಟಿಕ್... ಮೊಹಿದ್ದೀನನ ಹಾಸಿಗೆಯ ಒಂದು ಬದಿ ತಗ್ಗಿತು. ತಣ್ಣನೆಯ ಉಸಿರು, ಅದರಲ್ಲಿ ತುಕ್ಕಿನ ವಾಸನೆ. ಅದು ಬಾಗಿ ಅವನ ಮುಖವನ್ನು ನೋಡಿತು. ಬಹಳ ಹೊತ್ತು ನೋಡಿತು.

"ನೀವಾ?..."

ಹಾಸಿಗೆಯ ಬದಿ ಇನ್ನಷ್ಟು ತಗ್ಗಿತು.

"ಆಯಿತು. ನೀವೇ ಆಗಲಿ."

ಎಚ್ಚರವಾದಾಗ ಬೆಳಗಾಗಿತ್ತು. ಜಿಪ್ಪು ಒಳಗಿನಿಂದ ಸರಿಯಾಗಿ ಹಾಕಿಕೊಂಡೇ ಇತ್ತು. ಅಷ್ಟು ಭಯದ ನಡುವೆಯೂ ಮೊಹಿದ್ದೀನನನ್ನು ಕೊರೆದದ್ದು ಆ ಕೊನೆಯ ಮಾತು. ಅಲ್ಲಿಯೂ ಅವನು ಎರಡನೆಯವನೇ.

ಚಹಾ ಕಾಯಿಸುತ್ತಿದ್ದ ಪೊಡಿಯಬ್ಬನ ಬಳಿ ಕುಳಿತು, ರಾತ್ರಿ ಆಮಿನತ್ ಗಂಡನನ್ನು ಕರೆದದ್ದು ಕೇಳಿಸಿತೇ ಎಂದು ವಿಚಾರಿಸಿದ. ಹೇಗೆ ಕರೆದಳು ಎಂದು ಮುದುಕ ಕೇಳಿದ. ಮೊಹಿದ್ದೀನ್ ಹೇಳಿದ. ಪೊಡಿಯಬ್ಬ ಕೆಟಲಿನ ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡು ನಿಂತ.

"ನಮ್ಮಲ್ಲಿ ಯಾವ ಹೆಂಡತಿ ಗಂಡನನ್ನು ಹೆಸರು ಹಿಡಿದು ಕರೀತಾಳೆ? ನಿನ್ನವಳು ಕರೀತಾಳಾ?"

ಇಲ್ಲ. ಸಫಿಯತ್ ಕಾಗದದಲ್ಲೂ ಅವನ ಹೆಸರು ಬರೆದವಳಲ್ಲ.

"ನೀನು ಓ ಅಂದ್ಯಾ?" ಮುದುಕನ ದನಿ ತೀರ ಸಣ್ಣದಾಗಿತ್ತು.

"ಇಲ್ಲ ಪೊಡಿಯಬ್ಬಾಕ."

ಆ ಸುಳ್ಳನ್ನು ಅವನು ಎರಡು ವರ್ಷ ಕಾಪಾಡಿಕೊಂಡ. ಆಮಿನತ್ ಆ ರಾತ್ರಿ ಡೇರೆಯಿಂದ ಹೊರಗೆ ಕಾಲಿಟ್ಟಿರಲೇ ಇಲ್ಲ. ಹಸನ್ ಕುಂಞಿಗೆ ಏನೂ ಆಗಲಿಲ್ಲ. ಇವತ್ತಿಗೂ ಏನೂ ಆಗಿಲ್ಲ.

ಜೆದ್ದಾಕ್ಕೆ ಮರಳಿದ ಹತ್ತನೆಯ ದಿನ ಕಫೀಲ್ ತಾನಾಗಿಯೇ ಮೊಹಿದ್ದೀನನನ್ನು ಕರೆದ. ಕಪಾಟಿನ ಅರ್ಜಿ ಮೇಜಿನ ಮೇಲಿತ್ತು, ಸಹಿಯಾಗಿ. ಇಕಾಮಾದಲ್ಲಿ ಉದ್ಯೋಗ ಬದಲಾಯಿತು. ನಾಲ್ಕು ತಿಂಗಳಲ್ಲಿ ಸಫಿಯತ್‌ಳ ವೀಸಾ ಬಂತು. ಅಜೀಜಿಯಾ ಬಡಾವಣೆಯಲ್ಲಿ ಎರಡು ಕೋಣೆಯ ಮನೆ ಹಿಡಿದು, ಹೊಸ ಪರದೆ ಕಟ್ಟಿ, ಮೊಹಿದ್ದೀನ್ ಒಬ್ಬನೇ ವಿಮಾನ ನಿಲ್ದಾಣಕ್ಕೆ ಹೋದ. ಯಾರನ್ನೂ ಜೊತೆಗೆ ಕರೆಯಲಿಲ್ಲ. ಆ ಗಳಿಗೆಯನ್ನು ಹಂಚಿಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ.

ಸಫಿಯತ್ ಬಂದಳು. ದೂರದಿಂದಲೇ ಗುರುತು ಹಿಡಿದು ಬೇಗ ಬೇಗ ನಡೆದು ಬಂದವಳು, ನಾಲ್ಕು ಮೊಳ ದೂರದಲ್ಲಿ ನಿಂತುಬಿಟ್ಟಳು. ಮೈತುಂಬ ಕರಿಯ ಅಬಾಯಾ, ಮುಸುಕಿನ ನಡುವೆ ಕಾಣುತ್ತಿದ್ದದ್ದು ಕಣ್ಣು ಮಾತ್ರ. ಆ ಕಣ್ಣು ಅವನನ್ನು ನೋಡಲಿಲ್ಲ. ಅವನ ಎಡಗಡೆ ನೋಡಿತು. ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ಅಳೆಯಿತು. ಆ ನೋಟ ಮೊಹಿದ್ದೀನನಿಗೆ ಪರಿಚಯದ್ದು. ಬೆಟ್ಟದ ಮೇಲೆ ಮೂರು ದಿನ, ಹಸನ್ ಕುಂಞಿಯನ್ನು ನೋಡುವಾಗ, ಅದೇ ನೋಟ ಅವನದೇ ಕಣ್ಣಿನಲ್ಲಿತ್ತು.

"ಇವರು ಯಾರೂಂತ ನೀವು ಕಾಗದದಲ್ಲಿ ಬರೀಲಿಲ್ಲ," ಎಂದಳು ಸಫಿಯತ್, ಸಣ್ಣಗೆ.

ಯಾರೂ ಇಲ್ಲ ಎಂದು ಅವನು ಹೇಳಿದ. ಮತ್ತೆ ಹೇಳಿದ. ಅವಳು ಹೊರಗಿನ ಟ್ಯಾಕ್ಸಿಯ ಕಡೆ ನಡೆದಳು. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಆಚೆಯ ಕಿಟಕಿಗೆ ಒತ್ತಿಕೊಂಡು ಕುಳಿತು ಮುಖ ತಿರುಗಿಸಿದಳು. ಅವಳ ಪಕ್ಕದಲ್ಲಿ ಕೂರುವ ಧೈರ್ಯವಾಗದೆ ಮೊಹಿದ್ದೀನ್ ಮುಂದೆ ಕುಳಿತ.

ಇಲ್ಲಿಯವರೆಗಿನದನ್ನು ನೀವು ದಣಿದ ಹೆಂಗಸಿನ ಭ್ರಮೆ ಎನ್ನಬಹುದು, ಅನ್ನಿ. ಆದರೆ ಟ್ಯಾಕ್ಸಿಯವನು ಯೆಮನಿನ ಮುದುಕ, ಇವರನ್ನು ಎಂದೂ ಕಂಡವನಲ್ಲ. ಅವನು ಪೆಟ್ಟಿಗೆ ಏರಿಸಿ ಬಂದು, ತೆರೆದೇ ಇದ್ದ ಈಚೆಯ ಹಿಂಬಾಗಿಲನ್ನು ಹಿಡಿದು ನಿಂತ. ಸಫಿಯತ್ ಇದ್ದದ್ದು ಆಚೆ ತುದಿಯಲ್ಲಿ. ಅವನು ತಲೆ ತಗ್ಗಿಸಿ, ಪರಸ್ತ್ರೀಯನ್ನು ನೋಡಬಾರದೆಂದು ಮುಖ ಬೇರೆಡೆಗಿಟ್ಟು, ಖಾಲಿ ಸೀಟಿಗೆ ಅರಬಿಯಲ್ಲಿ ಹೇಳಿದ್ದು ಇಷ್ಟೇ: ತಂಗೀ, ಅಬಾಯಾದ ಅಂಚು ಬಾಗಿಲಿಗೆ ಸಿಕ್ಕುತ್ತದೆ, ಒಳಗೆಳೆದುಕೊಳ್ಳಿ. ಒಂದು ಕ್ಷಣ ಕಾದ... ಆಮೇಲೆ ಬಾಗಿಲು ಮುಚ್ಚಿದ.